ಎರಡನೆಯ ಮಿಂಚುಳ್ಳಿಗೆ ಎರಡು ರುಜು

ಹೆಸರಿಡುವುದಕ್ಕೆ ಸಭೆ ಕರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಮಗು ಹುಟ್ಟಿದ ಮನೆಯಲ್ಲೇ ಹತ್ತು ಜನ ಕೂಡಿ ಹೆಸರು ಹುಡುಕಿದರೆ ಕೊನೆಗೆ ಯಾರಿಗೂ ಇಷ್ಟವಿಲ್ಲದ ಹೆಸರೇ ಗಟ್ಟಿಯಾಗುತ್ತದೆ. ಇನ್ನು ಕಾರಿನ ಹೆಸರಿಗಾಗಿ ಹದಿನಾಲ್ಕು ಜನ ಕೂತರೆ ಕೇಳಬೇಕೆ? ಆ ಸೋಮವಾರ ಲಾರಿ ವಿಭಾಗದಿಂದ ನನ್ನನ್ನು ಕರೆಸಿದಾಗ ಯಾರನ್ನೋ ಕರೆಯಲು ಹೋಗಿ ನನ್ನನ್ನು ಕರೆದಿದ್ದಾರೆ ಅಂದುಕೊಂಡೆ. ಹೊಸ ಲಾರಿಗಳನ್ನು ಓಡಿಸಿ ಹುಳುಕು ಹುಡುಕುವುದು ನನ್ನ ಕೆಲಸ. ವೈಪರ್ ಕಿರುಗುಟ್ಟಿದರೂ ಎರಡು ಪುಟ ಬರೆಯುತ್ತೇನೆ. ಕಾರ್ಖಾನೆಯಲ್ಲಿ ನನಗೆ ಗೊಣಗಪ್ಪ ಅಂತ ಹೆಸರು. ಎದುರಿಗೇ ಹಾಗನ್ನುತ್ತಾರೆ, ಬೆನ್ನ ಹಿಂದೆ ಇನ್ನೇನಿದೆಯೋ ಗೊತ್ತಿಲ್ಲ.

ಸಭೆಯ ಮೇಜಿನ ಮೇಲೆ ಹೊಸ ಕಾರಿನ ಮೊಳದುದ್ದದ ಮಾದರಿ ಇತ್ತು. ಎರಡೇ ಸೀಟು, ಬ್ಯಾಟರಿಯಿಂದ ಓಡುವ ಸ್ಪೋರ್ಟ್ಸ್ ಕಾರು. ಇಪ್ಪತ್ತಾರು ವರ್ಷಗಳ ಹಿಂದೆ ನಮ್ಮ ಕಾರ್ಖಾನೆ ಇಂಥದೇ ಒಂದು ಪುಟ್ಟ ನೀಲಿ ಕಾರನ್ನು ಮಾಡಿತ್ತು. ಅದರ ಹೆಸರು ಮಿಂಚುಳ್ಳಿ. ಅದರ ತಯಾರಿ ನಿಂತು ಎಷ್ಟೋ ವರ್ಷವಾದರೂ ಜನ ಮರೆತಿಲ್ಲ. ಈಗಲೂ ರಸ್ತೆಯಲ್ಲಿ ಒಂದು ಕಂಡರೆ ನಿಂತು ನೋಡುತ್ತಾರೆ. ಹೊಸದಕ್ಕೂ ಅದೇ ಹೆಸರು ಇಡುವುದೋ ಬೇಡವೋ ಎನ್ನುವುದೇ ಸಭೆಯ ವಿಷಯ.

"ಆ ಹೆಸರು ಇಟ್ರೆ ಅರ್ಧ ಕೆಲಸ ಮುಗೀತು," ಎಂದರು ಮಾರಾಟದ ಮುಖ್ಯಸ್ಥರು. "ಹೊಸ ಹೆಸರನ್ನ ಜನರ ಬಾಯಿಗೆ ಹತ್ತಿಸೋಕೇ ಮೂರು ವರ್ಷ ಬೇಕು."

ಕಾರಿಗೆ ರೂಪ ಕೊಟ್ಟ ವಿನ್ಯಾಸಗಾರ್ತಿ ಒಪ್ಪಲಿಲ್ಲ. "ಹಳೇದು ಇದರ ಅರ್ಧ ತೂಕ ಇತ್ತು, ಗುರ್ ಅಂತ ಸದ್ದು ಮಾಡ್ತಿತ್ತು. ಇದು ಸದ್ದೇ ಮಾಡಲ್ಲ. ಮಗೂಗೆ ಅಜ್ಜನ ಹೆಸರಿಟ್ರೆ ಬಂದೋರೆಲ್ಲ ಅಜ್ಜನ ಮೂಗು ಹುಡುಕ್ತಾರೆ. ಸಿಗದೇ ಇದ್ರೆ ಬೈಸ್ಕೊಳ್ಳೋಳು ನಾನು. ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಒಂದು ಗಂಟೆ ನಡೆಯಿತು. ಮೇಜಿನ ತುದಿಯಲ್ಲಿ ಹೊಸ ಕಾರನ್ನು ಓಡಿಸಿ ಪರೀಕ್ಷೆ ಮಾಡುವ ಡ್ರೈವರ್ ಕೂತಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈ ಬಹಳ ಚುರುಕು ಎಂದು ಕೇಳಿದ್ದೆ. ಅವಳೂ ನನ್ನ ಹಾಗೆ ಬಾಯಿ ಬಿಡದೆ ಕೂತಿದ್ದಳು. ಕೊನೆಗೆ ಕಾರ್ಖಾನೆಯ ಯಜಮಾನಿ ಎಲ್ಲರನ್ನೂ ಸುಮ್ಮನಾಗಿಸಿ ಒಂದು ಹಾಳೆಯನ್ನು ನನ್ನ ಕಡೆಗೆ ತಳ್ಳಿದರು.

"ಹೆಸರು ಇಡೋದೇ ಅಂತ ನನ್ನ ಮನಸ್ಸು. ಆದ್ರೆ ಅಪ್ಪನ ನಿಯಮ ಇದೆಯಲ್ಲ," ಎಂದರು.

ಆ ನಿಯಮ ಎಲ್ಲರಿಗೂ ಗೊತ್ತು. ಕಾರ್ಖಾನೆ ಕಟ್ಟಿದ ಹಿರಿಯ ಯಜಮಾನರು ಒಮ್ಮೆ ಹಳೆಯ ಲಾರಿಯೊಂದರ ಹೆಸರನ್ನು ಹೊಸ ಲಾರಿಗೆ ಇಟ್ಟರು. ಆಮೇಲೆ ನೋಡಿದರೆ ಹಳೆಯದರ ಬ್ರೇಕಿನಲ್ಲಿ ದೋಷವಿತ್ತು. ಪರೀಕ್ಷೆ ಮಾಡಿದವರು ಬಾಯಿ ಮುಚ್ಚಿಕೊಂಡಿದ್ದರು. ಹಳೆಯದನ್ನು ಕೊಂಡವರೂ ಹೊಸದನ್ನು ಕೊಂಡವರೂ ಒಂದೇ ದಿನ ಗೇಟಿನ ಮುಂದೆ ಬಂದು ನಿಂತರಂತೆ. ಅಂದಿನಿಂದ, ಹಳೆಯ ಹೆಸರನ್ನು ಮತ್ತೆ ಇಡಬೇಕಾದರೆ ಹಳೆಯ ಗಾಡಿಯ ಪರೀಕ್ಷೆಗೆ ರುಜು ಹಾಕಿದವರಲ್ಲಿ ಬದುಕಿರುವವರೆಲ್ಲ ಇನ್ನೊಮ್ಮೆ ರುಜು ಹಾಕಬೇಕು. ಹಾಳೆಯಲ್ಲಿ ಒಂದೇ ವಾಕ್ಯ: "ಈ ಹೆಸರು ಹೊತ್ತ ಹಿಂದಿನ ವಾಹನದಲ್ಲಿ ನಾನು ಕಂಡ ಯಾವ ದೋಷವನ್ನೂ ಬಚ್ಚಿಟ್ಟಿಲ್ಲ."

ಮಿಂಚುಳ್ಳಿಗೆ ರುಜು ಹಾಕಿದ ಐವರಲ್ಲಿ ಮೂವರು ತೀರಿಕೊಂಡಿದ್ದರು. ಉಳಿದವರು ಇಬ್ಬರು. ಒಬ್ಬರು ಆ ಕಾರನ್ನು ಕಟ್ಟಿದ ಮುಖ್ಯ ಎಂಜಿನಿಯರ್, ಅಂದರೆ ನನ್ನ ಸೋದರತ್ತೆಯ ಗಂಡ, ನನ್ನ ಮಾವ. ಇನ್ನೊಬ್ಬ ಅದನ್ನು ಓಡಿಸಿ ನೋಡಿದ ಡ್ರೈವರ್, ಅಂದರೆ ನಾನು.

"ಶುಕ್ರವಾರ ಬೆಳಿಗ್ಗೆ ಕಾರಿನ ಹೆಸರಿನ ಲೋಹದ ಅಕ್ಷರಗಳ ಅಚ್ಚು ಎರಕಕ್ಕೆ ಹೋಗಬೇಕು. ಅಷ್ಟರಲ್ಲಿ ಇಬ್ಬರ ರುಜೂನೂ ಬರಲಿ," ಎಂದರು ಯಜಮಾನಿ. "ಏನು ಗೊಣಗಪ್ಪನವರೇ, ಇವತ್ತು ಗೊಣಗಲೇ ಇಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ಎಲ್ಲರೂ ನಕ್ಕರು, ನಾನೂ ಹಲ್ಲು ಕಿರಿದೆ. ಪೆನ್ನು ಮರೆತು ಬಂದಿದ್ದೇನೆ ಎಂದು ಸುಳ್ಳು ಹೇಳಿ, ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದೆ. ಪೆನ್ನು ಅದೇ ಜೇಬಿನಲ್ಲಿತ್ತು.

ಯಾಕೆಂದರೆ ನಾನು ದೋಷವೊಂದನ್ನು ಬಚ್ಚಿಟ್ಟಿದ್ದೆ.

ಆಗ ನನಗೆ ಇಪ್ಪತ್ತೈದು. ಮಿಂಚುಳ್ಳಿಯ ಕೊನೆಯ ಪರೀಕ್ಷೆಯ ದಿನ ಪರೀಕ್ಷಾ ರಸ್ತೆಗೆ ನೀರು ಹಾಯಿಸಿದ್ದರು. ಒಂಬತ್ತು ಸುತ್ತು ಓಡಿಸಿದೆ. ಏಳನೆಯ ಸುತ್ತಿನಲ್ಲಿ, ಐದನೆಯ ತಿರುವಿನ ನಡುವೆ ಆಕ್ಸಲರೇಟರ್‌ನಿಂದ ಕಾಲು ತೆಗೆದೆ. ಕಾರಿನ ಹಿಂಬದಿ ಹೊರಗೆ ಜಾರಿತು. ನಾನು ಯೋಚಿಸುವ ಮುಂಚೆಯೇ ನನ್ನ ಕೈ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ ಸರಿಮಾಡಿತ್ತು. ಹೊರಗೆ ನಿಂತು ನೋಡುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ. ನಾನು ಇಳಿದು ಬಂದಾಗ ಮಾವ ಹಿರಿಯ ಯಜಮಾನರ ಪಕ್ಕದಲ್ಲಿ ನಿಂತು, "ನಮ್ಮ ಅಳಿಯ ಸರಿ ಅಂದ್ರೆ ಸರಿ," ಎನ್ನುತ್ತಿದ್ದರು. ಕೆಲಸ ಕೊಡಿಸಿದವರು, ವಿದ್ಯೆ ಕಲಿಸಿದವರು, ನಾಲ್ಕು ವರ್ಷ ಹಗಲು ಇರುಳು ಆ ಕಾರಿಗೆ ಜೀವ ತೇದವರು. ಪರೀಕ್ಷೆಯ ಹಾಳೆಯಲ್ಲಿ 'ಹಿಂಬದಿ' ಎಂಬ ಕಾಲಂ ಇತ್ತು. ನಾನು 'ಸ್ಥಿರ' ಎಂದು ಬರೆದು ರುಜು ಹಾಕಿದೆ.

ಅದಾದ ಎರಡನೆಯ ದಿನವೇ ಲಾರಿ ವಿಭಾಗಕ್ಕೆ ವರ್ಗ ಕೇಳಿಕೊಂಡು ಹೋದೆ. ಮಿಂಚುಳ್ಳಿ ಇದ್ದ ಶೆಡ್ಡಿನ ಕಡೆ ಮತ್ತೆ ತಲೆ ಹಾಕಲಿಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ ಆ ಹೆಸರೆತ್ತಿದರೆ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋಗುತ್ತಿದ್ದೆ. ಮಾವನ ಮನೆಯಲ್ಲಿ ಒಂದು ಮಿಂಚುಳ್ಳಿ ಇತ್ತು. ಮಂಡಿ ನೋವು, ಅಷ್ಟು ಕೆಳಗೆ ಕೂರಲಾರೆ ಎಂದು ಒಂದು ದಿನವೂ ಅದರೊಳಗೆ ಕೂರಲಿಲ್ಲ. ಮಾವನಿಗೂ ನನಗೂ ಮಾತಿತ್ತು, ಆದರೆ ಅದು ಆರೋಗ್ಯ, ಹವೆ, ಮಕ್ಕಳ ಓದು ಇಷ್ಟರಲ್ಲೇ ಮುಗಿಯುತ್ತಿತ್ತು.

ಮಿಂಚುಳ್ಳಿ ಎಲ್ಲಾದರೂ ಗುದ್ದಿಕೊಂಡಿತು ಎಂದು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಬೀದಿಯ ಔಷಧಿ ಅಂಗಡಿಯವರು ಅದು ಬಂದ ಎರಡನೆಯ ವರ್ಷದಲ್ಲಿ ಮಿಂಚುಳ್ಳಿಯನ್ನು ಮರಕ್ಕೆ ಹೊಡೆದು ಕಾಲು ಮುರಿದುಕೊಂಡರು. ಈಗಲೂ ಕುಂಟುತ್ತಾರೆ. ಅವರು ಮೇಲಿನ ಕಪಾಟಿಗೆ ಕೈ ಚಾಚಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ. ಕಾಯಿಲೆ ಇರಲಿ ಬಿಡಲಿ, ಏನಾದರೂ ಕೊಂಡೇ ಬರುತ್ತೇನೆ.

ಈಗ ಅದೇ ಸುಳ್ಳಿಗೆ ಇನ್ನೊಂದು ಸಲ ರುಜು ಹಾಕಬೇಕು. ಹಾಕಿದರೆ ಹೊಸ ಕಾರೂ ನನ್ನ ಸುಳ್ಳನ್ನು ಹೊತ್ತು ಓಡುತ್ತದೆ. ಹಾಕದಿದ್ದರೆ ಯಾಕೆ ಎಂದು ಕೇಳುತ್ತಾರೆ; ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮಾವನ ಮಾನ ಬೀದಿಗೆ ಬರುತ್ತದೆ. ಮೂರು ದಿನ ಊಟ ಸೇರಲಿಲ್ಲ. ಗುರುವಾರ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಕೇಳಿದಳು.

"ಅದಕ್ಕೇನಾ ನಮ್ಮನೇಲಿ ಹನ್ನೆರಡು ಬಾಟಲಿ ಕೆಮ್ಮಿನ ಔಷಧಿ ಇರೋದು?"

"ನಿನಗೆ ತಮಾಷೆ."

"ತಮಾಷೆ ಅಲ್ಲ ಕಣ್ರೀ. ಇಷ್ಟು ವರ್ಷ ಆ ಕಾರಿನ ಹೆಸರೆತ್ತಿದ್ರೆ ಸಿಡುಕ್ತಿದ್ರಲ್ಲ, ಮಾವನ ಮೇಲೆ ಏನೋ ಹೊಟ್ಟೆಕಿಚ್ಚು ಅಂದ್ಕೊಂಡಿದ್ದೆ." ಅವಳು ಮತ್ತೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. "ನನಗೆ ಹೇಳಿ ಏನು ಪ್ರಯೋಜನ? ಯಾರಿಗೆ ಹೇಳಬೇಕೋ ಅವರಿಗೆ ಹೇಳಿ. ಹೋಗಿ, ಈಗಲೇ ಹೋಗಿ. ನಾಳೆ ಬೆಳಿಗ್ಗೆ ಅಂದ್ರೆ ನಿಮಗೆ ಮತ್ತೆ ಮಂಡಿ ನೋವು ಬರುತ್ತೆ."

ಮಾವನ ಮನೆ ಎರಡು ಬಸ್ ನಿಲ್ದಾಣದಷ್ಟು ದೂರ. ನಡೆದೇ ಹೋದೆ. ಅತ್ತೆ ಬಾಗಿಲು ತೆಗೆದು, "ಏನೋ ಇದು, ಗುರುವಾರ ಸಂಜೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ," ಎಂದು ಒಳಗೆ ಕರೆದರು. ಮಾವನಿಗೆ ಕಣ್ಣಿನ ಪೊರೆ ತೆಗೆಸಿ ವಾರವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಕಾರ್ಖಾನೆಯಿಂದ ಬಂದ ಅವರ ಹಾಳೆ ಮೇಜಿನ ಮೇಲಿತ್ತು. ಅವರೂ ರುಜು ಹಾಕಿರಲಿಲ್ಲ. ಕಣ್ಣು ಕಾಣದೆ ಹಾಕಿಲ್ಲ ಅಂದುಕೊಂಡೆ.

ಕೂತವನೇ ಹೇಳಿಬಿಟ್ಟೆ. ಪೀಠಿಕೆ ಹಾಕಿದ್ದರೆ ಹೇಳಲು ಆಗುತ್ತಿರಲಿಲ್ಲ. ಏಳನೆಯ ಸುತ್ತು, ಕಾಲು ತೆಗೆದದ್ದು, ಹಿಂಬದಿ ಜಾರಿದ್ದು, 'ಸ್ಥಿರ' ಎಂದು ಬರೆದದ್ದು. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಬೇರೆಯವರದ್ದೆನಿಸಿತು. ಅತ್ತೆ ಬಾಗಿಲಲ್ಲಿ ನಿಂತೇ ಇದ್ದರು.

ಮಾವ ಕನ್ನಡಕ ತೆಗೆದರು. "ಐದನೇ ತಿರುವಲ್ಲಿ," ಎಂದರು.

"ಹೌದು ಮಾವ. ನಾನಿನ್ನೂ ತಿರುವು ಯಾವುದು ಅಂತ ಹೇಳಲೇ ಇಲ್ಲ."

"ಲೇ, ಕೇಳಿಸ್ಕೊಂಡ್ಯಾ? ಇವನಿಗೂ ಅದೇ ತಿರುವು," ಎಂದರು ಮಾವ ಅತ್ತೆಯ ಕಡೆ ತಿರುಗಿ.

ಅತ್ತೆ ಬಂದು ನನ್ನೆದುರು ಕೂತರು. "ನಿನ್ನ ಮಾವ ಯಾವ ಕಾರು ಮಾಡಿದ್ರೂ ಕೊನೇಲಿ ನನ್ನ ಕೈಗೆ ಕೊಟ್ಟು ಓಡ್ಸು ಅಂತಿದ್ರು. ಯಾರಿಗೂ ಹೇಳ್ತಿರ್ಲಿಲ್ಲ. ಆ ನೀಲಿ ಕಾರು ನಿನ್ನ ಪರೀಕ್ಷೆ ಆದ ಮಾರನೇ ದಿನ ಕೊಟ್ರು. ಐದನೇ ತಿರುವಲ್ಲಿ ಭಯ ಆಯ್ತು, ಕಾಲು ತೆಗೆದೆ. ಬುಗುರಿ ತಿರುಗಿದ ಹಾಗೆ ಎರಡು ಸುತ್ತು ತಿರುಗಿ ಟೈರಿನ ಗೋಡೆಗೆ ಹೋಗಿ ಗುದ್ದಿದೆ. ಎರಡು ದಿನ ಕುತ್ತಿಗೆ ತಿರುಗಿಸೋಕೆ ಆಗ್ಲಿಲ್ಲ."

"ಊರಲ್ಲಿ ಇವಳಿಗಿಂತ ಕೆಟ್ಟದಾಗಿ ಓಡಿಸೋರು ಇರಲಿಲ್ಲ," ಎಂದರು ಮಾವ.

"ಹೊಗಳಿದ್ದು ಸಾಕು."

"ಒಳ್ಳೇ ಡ್ರೈವರ್‌ಗಳ ಕಾಯಿಲೆನೇ ಅದು ಕಣೋ. ಕಾರು ತಪ್ಪು ಮಾಡೋ ಮುಂಚೆ ನಿಮ್ಮ ಕೈ ಅದನ್ನ ಮುಚ್ಚಿಹಾಕಿರುತ್ತೆ. ಕೊಳ್ಳೋರು ನಿನ್ನ ಹಾಗೆ ಓಡಿಸ್ತಾರಾ? ನಿನ್ನ ಅತ್ತೆ ಹಾಗೆ ಓಡಿಸ್ತಾರೆ. ಅದಕ್ಕೇ ಕೊನೇ ಪರೀಕ್ಷೆ ಇವಳದ್ದು." ಮಾವ ಕಣ್ಣೊರೆಸಿಕೊಂಡರು. "ಹಿಂದಿನ ಚಕ್ರ ಹಿಡಿಯೋ ತೋಳನ್ನೇ ಬದಲಾಯಿಸಿದೆ. ಹನ್ನೊಂದು ದಿನ ಹಿಡೀತು. ಗೇಟಿಂದ ಆಚೆ ಹೋದ ಒಂದೇ ಒಂದು ಮಿಂಚುಳ್ಳಿಗೂ ಹಳೇ ತೋಳು ಇರಲಿಲ್ಲ."

ನನಗೆ ಆ ಹನ್ನೊಂದು ದಿನ ನೆನಪಿತ್ತು. ಬಿಡುಗಡೆ ಮುಂದೆ ಹೋಗಿತ್ತು. ನೀಲಿ ಬಣ್ಣ ಸರಿಯಾಗಿ ಕೂತಿಲ್ಲ ಎಂದು ಎಲ್ಲರಿಗೂ ಹೇಳಿದ್ದರು.

"ಬಣ್ಣದ ಕಥೆ ನಾನೇ ಕಟ್ಟಿದ್ದು," ಎಂದರು ಮಾವ. "ನಿಜ ಹೇಳಿದ್ರೆ ನಿನ್ನ ಹಾಳೆ ತೆಗೆದು ನೋಡ್ತಿದ್ರು. ನಿನ್ನ ಕೆಲಸ ಹೋಗ್ತಿತ್ತು."

"ಮತ್ತೆ ಔಷಧಿ ಅಂಗಡಿಯವರು?" ನನ್ನ ಬಾಯಿಂದ ಮೊದಲು ಬಂದ ಮಾತು ಅದು.

"ಆ ಕಾರನ್ನ ನಾನೇ ಹೋಗಿ ನೋಡಿ ಬಂದೆ. ಟೈರು ಬೋಳು ತಲೆ ಥರ ಆಗಿತ್ತು. ಆಸ್ಪತ್ರೇಲೇ ಮಹಾನುಭಾವ ಒಪ್ಕೊಂಡ, ಟೈರು ಹಾಕ್ಸೋಕೆ ಸೋಮಾರಿತನ ಮಾಡಿದೆ ಅಂತ."

ಬದುಕಿದೆಯಾ ಬಡಜೀವವೇ ಎನ್ನುತ್ತಾರಲ್ಲ, ಅದರ ಅರ್ಥ ನನಗೆ ಆ ಕುರ್ಚಿಯಲ್ಲಿ ತಿಳಿಯಿತು. ಎದೆಯ ಮೇಲಿನ ಕಲ್ಲು ಇಳಿದಾಗ ಹಗುರಾಗುತ್ತದೆ ಎಂದುಕೊಂಡಿದ್ದೆ. ಬದಲಿಗೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಐವತ್ತೊಂದು ವರ್ಷದ ಗಂಡಸು ಬಿಕ್ಕಳಿಸಿ ಅಳುವುದನ್ನು ನೋಡಿ ಅತ್ತೆ ನೀರು ತರಲು ಎದ್ದರು. ಮಾವ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ನೀನು ಲಾರಿ ವಿಭಾಗಕ್ಕೆ ಓಡಿಹೋದಾಗ, ನಿನ್ನ ಹಾಳೇನ ಮೀರಿ ತೋಳು ಬದಲಾಯಿಸೋಕೆ ಹೊರಟದ್ದು ಗೊತ್ತಾಗಿ ಕೋಪ ಬಂದಿದೆ ಅಂದ್ಕೊಂಡೆ. ಕಾರು ಜೋಡಿಸೋರಿಗೆಲ್ಲ ತೋಳು ಬದಲಾದದ್ದು ಗೊತ್ತಿತ್ತು. ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ. ನೀನು ಒಂದು ಸಲ ಆ ಕಾರನ್ನ ಓಡಿಸಿದ್ರೆ ಸಾಕಿತ್ತು, ನಿನ್ನ ಕೈಗೇ ಗೊತ್ತಾಗೋದು."

"ನೀವಾದ್ರೂ ಕೇಳಬಹುದಿತ್ತು."

"ಕೇಳಬಹುದಿತ್ತು. ನೀನಾಗಿ ಬರಲಿ ಅಂತ ಬಿಗುಮಾನ," ಎಂದರು ಮಾವ. ಇಬ್ಬರೂ ಒಂದೇ ಜಾತಿಯ ಮೂರ್ಖರು ಎಂದು ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು. ನಾವು ಮೇಲ್ಮನವಿ ಸಲ್ಲಿಸಲಿಲ್ಲ.

ಇನ್ನು ಉಳಿದದ್ದು ಹಾಳೆಯ ಪ್ರಶ್ನೆ. ಮಾರಿದ ಕಾರುಗಳಲ್ಲಿ ದೋಷ ಇರಲಿಲ್ಲ, ಸರಿ. ಆದರೆ ವಾಕ್ಯ ಕೇಳುತ್ತಿದ್ದದ್ದು ಬಚ್ಚಿಟ್ಟೆಯಾ ಎಂದು. ನಾನು ಬಚ್ಚಿಟ್ಟಿದ್ದೆ. ಮಾವನೂ ಬಣ್ಣದ ಕಥೆ ಕಟ್ಟಿ ಬಚ್ಚಿಟ್ಟಿದ್ದರು. ಅವರ ಹಾಳೆ ಖಾಲಿ ಇದ್ದದ್ದಕ್ಕೆ ಕಣ್ಣಿನ ಪೊರೆ ಕಾರಣವಲ್ಲ.

"ಹೆಸರು ಹೋದ್ರೆ ಹೋಗಲಿ," ಎಂದರು ಮಾವ. "ನಾಳೆ ಇಬ್ಬರೂ ಹೋಗಿ ಹೇಳಿಬಿಡೋಣ."

ಆ ಸಂಜೆ ಮನೆಗೆ ಬಂದು ಮೂರು ದಿನದ ಊಟವನ್ನು ಒಂದೇ ಸಲ ಮಾಡಿದೆ ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಶುಕ್ರವಾರ ಬೆಳಿಗ್ಗೆ ಅತ್ತೆಯೇ ಮಾವನನ್ನು ತಮ್ಮ ನೀಲಿ ಮಿಂಚುಳ್ಳಿಯಲ್ಲಿ ಕರೆತಂದು, ಎರಡು ಕಾರು ನಿಲ್ಲುವ ಜಾಗದ ನಡುವೆ ಅಡ್ಡಡ್ಡಲಾಗಿ ನಿಲ್ಲಿಸಿದರು. ಕಾವಲುಗಾರ ಏನೋ ಹೇಳಲು ಬಂದು, ಕಾರನ್ನು ನೋಡಿ ಸುಮ್ಮನಾದ. ಸಭೆಯ ಕೋಣೆಯಲ್ಲಿ ಸೋಮವಾರದ ಜನರೇ ಇದ್ದರು. ಎರಕದ ಮನೆಯವನೊಬ್ಬ ಬಾಗಿಲ ಬಳಿ ಕಾಯುತ್ತಿದ್ದ.

ನಾನು ನಿಂತುಕೊಂಡು ಹೇಳಿದೆ. ಮಾವನಿಗೆ ಹೇಳಿದಷ್ಟು ಕಷ್ಟವಾಗಲಿಲ್ಲ. ನಾನು ನಿಲ್ಲಿಸಿದ ಕಡೆಯಿಂದ ಮಾವ ಮುಂದುವರಿಸಿದರು. ಮಾರಾಟದ ಮುಖ್ಯಸ್ಥರು ತಲೆ ಹಿಡಿದುಕೊಂಡರು.

"ಅಂದ್ರೆ ಹೆಸರು ಹೋಯ್ತು," ಎಂದರು ಅವರು.

ಆಗ ಮೇಜಿನ ತುದಿಯಿಂದ ಆ ಹೆಣ್ಣುಮಗಳು ಎದ್ದಳು. ಹೊಸ ಕಾರಿನ ಡ್ರೈವರ್. ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಮೇಡಂ, ನನ್ನ ಹಾಳೆ ವಾಪಸ್ ಕೊಡಿ. ಒಂದು ಸಾಲು ತಿದ್ದಬೇಕು," ಎಂದಳು. "ಒದ್ದೆ ರಸ್ತೇಲಿ ಬ್ರೇಕ್ ಅರ್ಧ ಒತ್ತಿದಾಗ ಒಂದು ಕ್ಷಣ ಹಿಡಿಯಲ್ಲ. ಈ ಕಾರಲ್ಲಿ ಮೊದಲು ಮೋಟರೇ ವೇಗ ತಡೆಯುತ್ತೆ, ಅದು ನಿಂತು ಮಾಮೂಲಿ ಬ್ರೇಕ್ ಹಿಡಿಯೋ ನಡುವೆ ಹಾಗಾಗುತ್ತೆ. ಮೂರು ಸಲ ಆಯ್ತು. ನನ್ನ ಕಾಲು ತಾನಾಗೇ ಇನ್ನಷ್ಟು ಒತ್ತಿಬಿಡುತ್ತೆ, ಅದಕ್ಕೆ ಯಾರಿಗೂ ಗೊತ್ತಾಗ್ಲಿಲ್ಲ. ಬಿಡುಗಡೆ ದಿನ ಆಗಲೇ ನಿಗದಿಯಾಗಿತ್ತು, ಎಲ್ಲರೂ ಖುಷಿಯಾಗಿದ್ರು. 'ಬ್ರೇಕ್ ಸರಿ' ಅಂತ ಬರೆದೆ."

ಯಜಮಾನಿ ಅವಳನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದರೆ ನಡುವೆ ಬಾಯಿ ಹಾಕಲು ಸಿದ್ಧನಾಗಿ ಮೇಜು ಹಿಡಿದು ನಿಂತೆ. ಅವರು ಬೈಯಲಿಲ್ಲ. ಕುರ್ಚಿಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟರು.

"ಮಾರಿದ ಮೇಲೆ ಗೊತ್ತಾಗಿದ್ರೆ ಏನು ಗತಿ," ಎಂದರು. ಬ್ರೇಕಿನ ಎಂಜಿನಿಯರ್ ಕಡೆ ತಿರುಗಿದರು. "ಎಷ್ಟು ದಿನ ಬೇಕು?"

"ಮೂರು ವಾರ ಕೊಡಿ ಮೇಡಂ."

"ನಾಲ್ಕು ತಗೊಳ್ಳಿ. ಆಮೇಲೆ ಇವರ ಅತ್ತೆಯವರಂಥ ಒಬ್ಬರನ್ನ ಹುಡುಕಿ ಓಡಿಸಿ." ಅವರು ನಮ್ಮಿಬ್ಬರ ಹಾಳೆಗಳನ್ನು ಹತ್ತಿರ ಎಳೆದುಕೊಂಡು ಅಚ್ಚಾದ ವಾಕ್ಯದ ಮೇಲೆ ಗೆರೆ ಎಳೆದರು. "ದೋಷ ಬಚ್ಚಿಡಬಾರದು ಅನ್ನೋದು ಅಪ್ಪನ ನಿಯಮ. ಈಗ ನೀವು ಹೇಳಿದ್ದನ್ನೇ ಇದರ ಕೆಳಗೆ ಬರೀರಿ, ರುಜು ಹಾಕಿ. ಹೆಸರು ಇಡಬೇಕೋ ಬೇಡವೋ ಅಂತ ಇನ್ನೊಂದು ಸಲ ಕೇಳ್ತೀನಿ. ಬೇಡ ಅನ್ನೋರು ಹೇಳಿ."

ಎಲ್ಲರೂ ವಿನ್ಯಾಸಗಾರ್ತಿಯ ಕಡೆ ನೋಡಿದರು. ಅವಳು ಮಾದರಿಯ ಕಾರನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು.

"ಇಡಿ," ಎಂದಳು. "ಅಜ್ಜ, ಮೊಮ್ಮಗು ಇಬ್ಬರ ಹುಟ್ಟೂ ಒಂದೇ ಥರ ತಡವಾಯ್ತು. ಯಾರಾದ್ರೂ ಕೇಳಿದ್ರೆ ಹೇಳೋಕೆ ನನ್ನ ಹತ್ರ ಈಗ ಕಾರಣ ಇದೆ."

ನಾನು ಬರೆದೆ. ಐದನೆಯ ತಿರುವು, ಏಳನೆಯ ಸುತ್ತು, ನನ್ನ ಕೈ ಅದನ್ನು ಮುಚ್ಚಿಹಾಕಿದ್ದು, ನಾನು ಬಾಯಿ ಮುಚ್ಚಿಕೊಂಡದ್ದು. ಮಾವ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ತಮ್ಮ ಪಾಲಿನದನ್ನು ಬರೆದರು. ಎರಕದ ಮನೆಯವನು ಹೆಸರಿನ ಚೀಟಿ ತೆಗೆದುಕೊಂಡು ಹೋದ. ಮಿಂಚುಳ್ಳಿ ಎಂಬ ಹೆಸರನ್ನು ಅವನು ಜೋರಾಗಿ ಓದಿದಾಗ ನನಗೆ ಮೊದಲ ಸಲ ಜಾಗ ಬಿಟ್ಟು ಹೋಗಬೇಕೆನಿಸಲಿಲ್ಲ.

ಹೊರಗೆ ಹೋಗುವ ಮೆಟ್ಟಿಲಿನ ಹತ್ತಿರ ಆ ಹೆಣ್ಣುಮಗಳು ನನಗಾಗಿ ನಿಂತಿದ್ದಳು. ಮುಖಕ್ಕೆ ಮತ್ತೆ ಕಳೆ ಬಂದಿತ್ತು.

"ನೀವು ಇದನ್ನ ಎಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ರಿ ಸರ್?"

"ಇಪ್ಪತ್ತಾರು. ನೀನು?"

"ಒಂಬತ್ತು ದಿನ," ಎಂದಳು. "ಒಂಬತ್ತು ದಿನಕ್ಕೇ ನಿದ್ದೆ ಹೋಗಿತ್ತು. ಹೇಗಿದ್ರಿ ಸರ್ ಅಷ್ಟು ವರ್ಷ?"

ಚೆನ್ನಾಗಿರಲಿಲ್ಲ ಎಂದೆ. ಅಷ್ಟು ಸರಳವಾದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳು ನಕ್ಕಳು, ನಗುತ್ತಾ ಕಣ್ಣೊರೆಸಿಕೊಂಡಳು. ಈ ಹುಡುಗಿಗೆ ಒಂಬತ್ತು ದಿನಕ್ಕೇ ಮುಗಿಯಿತಲ್ಲ ಎಂದು ನನಗೆ ಆದ ಸಮಾಧಾನ, ನನ್ನದೇ ಭಾರ ಇಳಿದಾಗ ಆದದ್ದಕ್ಕಿಂತ ದೊಡ್ಡದಾಗಿತ್ತು. ಮನೆಗೆ ಹೋಗಿ ಮಲಗು, ಬ್ರೇಕಿನ ವಿಷಯ ಸೋಮವಾರ ನೋಡೋಣ ಎಂದು ಅವಳನ್ನು ಕಳಿಸಿಕೊಟ್ಟೆ.